ಎಡಗೈಯ ಮಡಿಕೆ

ತಟ್ಟೆ ಮೇಜಿಗೆ ಬಂದ ಮೇಲೂ ವಿಮಲಾ ಫೋರ್ಕಿಗೆ ಕೈ ಹಾಕಲಿಲ್ಲ. ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡಳು.

ಎಂಟು ಕಡುಬುಗಳಿದ್ದವು. ಅರ್ಧಚಂದ್ರದ ಆಕಾರ, ಬೇಯಿಸಿ ಆಮೇಲೆ ಬೆಣ್ಣೆಯಲ್ಲಿ ಹೊರಳಿಸಿದ ಹೊಂಬಣ್ಣ, ಮೇಲೆ ಕೆಂಪಗೆ ಹುರಿದ ಈರುಳ್ಳಿ. ಪಕ್ಕದ ಬಟ್ಟಲಲ್ಲಿ ಕೊರಿಯಾದ ಮೆಣಸಿನ ಗೊಜ್ಜು. ಮೆನು ಕಾರ್ಡಿನಲ್ಲಿ ಇದಕ್ಕೆ ಪಿರೋಗಿ ಎಂದು ಹೆಸರು, ಪೋಲೆಂಡಿನ ತಿಂಡಿ. ಒಳಗೆ ಆಲೂಗಡ್ಡೆ ಮತ್ತು ಪನೀರು ಬಿಟ್ಟು ಬೇರೇನೂ ಇಲ್ಲ ಎಂದು ಎರಡು ಸಲ ಕೇಳಿ ಖಚಿತ ಮಾಡಿಕೊಂಡೇ ತರಿಸಿದ್ದಳು.

ಆದರೆ ಅವಳು ನೋಡುತ್ತಿದ್ದದ್ದು ಕಡುಬಿನ ಅಂಚನ್ನು. ಜಡೆ ಹೆಣೆದಂತೆ ಒಂದರ ಮೇಲೊಂದು ಬಿದ್ದ ಸಣ್ಣ ಮಡಿಕೆಗಳು. ಎಂಟರಲ್ಲೂ ಅವು ಎಡಕ್ಕೆ ವಾಲಿದ್ದವು.

ಮೈಸೂರಿನ ತವರಿನಲ್ಲಿ ಗೌರಿ ಹಬ್ಬಕ್ಕೆ ಆರು ಜನ ಹೆಂಗಸರು ಸುತ್ತ ಕುಳಿತು ಕರ್ಜಿಕಾಯಿ ಮಡಚುತ್ತಿದ್ದರು. ಬಾಣಲೆಯಿಂದ ಎತ್ತಿದ ಮೇಲೂ ಇದು ಅತ್ತಿಗೆಯದು, ಇದು ಚಿಕ್ಕಮ್ಮನದು ಎಂದು ಅವಳ ಅಜ್ಜಿ ಅಂಚು ನೋಡಿಯೇ ಹೇಳುತ್ತಿದ್ದಳು. ಬಲಗೈಯವರ ಮಡಿಕೆ ಒಂದು ಕಡೆ ವಾಲಿದರೆ ಎಡಗೈಯವರದು ಅದರ ಎದುರಿಗೆ ವಾಲುತ್ತದೆ. ಬೇಕೆಂದರೂ ಅದನ್ನು ಬದಲಾಯಿಸುವುದು ಕಷ್ಟ.

ಚೀಲದಲ್ಲಿ ಒಂದು ಫೋಟೋ ಇತ್ತು. ಈ ರೆಸ್ಟೋರೆಂಟಿನ ಒಡತಿ ಹಲೀನಾ ಎಡಗೈಯಿಂದ ಕಡುಬಿನ ಅಂಚು ಮಡಚುತ್ತಾ ನಗುತ್ತಿರುವ ಫೋಟೋ. ಅದನ್ನು ಮಡಿಲಲ್ಲಿಟ್ಟು, ತಟ್ಟೆಯನ್ನೂ ಅದನ್ನೂ ಒಂದೊಂದಾಗಿ ನೋಡಿದಳು. ಅದೇ ಜಡೆ, ಅದೇ ವಾಲು.

ಹಲೀನಾ ಕಾಣೆಯಾಗಿ ಇವತ್ತಿಗೆ ಇಪ್ಪತ್ತೆರಡು ದಿನ.

ಚೆನ್ನೈಯ ಗಿಂಡಿಯಲ್ಲಿ ನಾಲ್ಕಂತಸ್ತಿನ ಹೋಟೆಲೊಂದರ ನೆಲಮಹಡಿಯಲ್ಲಿದ್ದ ಈ ರೆಸ್ಟೋರೆಂಟಿನಲ್ಲಿ ಮಧ್ಯಾಹ್ನ ಹನ್ನೆರಡೂವರೆಗೇ ಜನ ತುಂಬಿದ್ದರು. ಶ್ರೀಪೆರಂಬದೂರಿನ ಕಡೆಯ ಕಾರ್ಖಾನೆಗಳ ಕೊರಿಯನ್ ಎಂಜಿನಿಯರುಗಳು ಒಂದು ಉದ್ದ ಮೇಜು ಹಿಡಿದಿದ್ದರು. ಕಾಲೇಜಿನ ಹುಡುಗಿಯರು ನಾಲ್ವರು ಬೀಟ್‌ರೂಟ್ ಸಾರಿನಲ್ಲಿ ತೇಲುವ ಅಕ್ಕಿಯ ಬಿಲ್ಲೆಗಳನ್ನು ಚಮಚದಿಂದ ತಿವಿದು ನಗುತ್ತಿದ್ದರು. ಬಾಗಿಲ ಮೇಲೆ ಎರಡು ನದಿಗಳ ಹೆಸರು: ಕೊರಿಯಾದ ಹಾನ್, ಪೋಲೆಂಡಿನ ವೀಸ್ವಾ. ಆಟೋದವರ ಬಾಯಲ್ಲಿ ಅದು ವಿಶ್ವಾ ಬಾರ್ ಆಗಿ ನಾಲ್ಕು ವರ್ಷವಾಗಿತ್ತು.

ಬಾರ್ ಕಟ್ಟೆಯ ಹಿಂದೆ ಹಲೀನಾಳ ಗಂಡ, ಕೊರಿಯಾದ ಯೂನ್ ನಿಂತಿದ್ದ. ವಾರ್ಸಾದ ಕಾರು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಅವಳನ್ನು ಮೆಚ್ಚಿ ಮದುವೆಯಾಗಿ, ಚೆನ್ನೈಗೆ ಬಂದು ಕಾರ್ಖಾನೆ ಬಿಟ್ಟು ಇದನ್ನು ತೆರೆದವನು. ಹೆಂಡತಿ ಪೋಲೆಂಡಿಗೆ ತಾಯಿಯನ್ನು ನೋಡಲು ಹೋಗಿದ್ದಾಳೆ ಎಂದು ಕೇಳಿದವರಿಗೆಲ್ಲ ಹೇಳುತ್ತಿದ್ದ. ಆದರೆ ಅವಳ ಪಾಸ್‌ಪೋರ್ಟು ಇದೇ ಹೋಟೆಲಿನ ತಿಜೋರಿಯಲ್ಲಿತ್ತು. ಅದನ್ನು ವಿಮಲಾ ಕಣ್ಣಾರೆ ಕಂಡಿದ್ದಳು. ತೋರಿಸಿದವರು ಹೋಟೆಲಿನ ಮಾಲೀಕ ಮುರಳೀಧರ ರಾವ್.

ಹಲೀನಾಳನ್ನು ಹುಡುಕಲು ವಿಮಲಾಳನ್ನು ನೇಮಿಸಿದವರೂ ಅವರೇ. ಉಡುಪಿ ಕಡೆಯವರು, ಮೈಲಾಪುರದಲ್ಲಿ ತಂದೆಯ ಕಾಲದ ಸಸ್ಯಾಹಾರಿ ಹೋಟೆಲು, ಗಿಂಡಿಯಲ್ಲಿ ಈ ಲಾಡ್ಜು. ಅವರ ಅಕ್ಕನ ಮಗ ಅನಿಲ್ ಇಲ್ಲಿ ಬಾರ್ ನೋಡಿಕೊಳ್ಳುತ್ತಿದ್ದ. ಮೂರನೆಯ ಮಹಡಿಯಲ್ಲಿ ಲಿಫ್ಟ್ ಬಂದಿದೆಯೆಂದು ತಿಳಿದು ಕಾಲಿಟ್ಟು, ಖಾಲಿ ಗುಂಡಿಯೊಳಗೆ ಬಿದ್ದು ಸತ್ತ. ಪೊಲೀಸರು ಅಪಘಾತ ಎಂದು ಬರೆದುಕೊಂಡರು. ಅದೇ ದಿನ ಹಲೀನಾ ಕಾಣೆಯಾದಳು. ಆ ಹೆಂಗಸು ಏನೋ ಮಾಡಿ ಓಡಿಹೋಗಿದ್ದಾಳೆ, ಇಲ್ಲವೇ ಗಂಡ ಅವಳನ್ನೂ ಏನೋ ಮಾಡಿದ್ದಾನೆ, ಅಕ್ಕನ ಮುಂದೆ ನಿಲ್ಲಲಿಕ್ಕೆ ನನಗೆ ಮುಖವಿಲ್ಲ ಎಂದು ಹೇಳುವಾಗ ಮುರಳೀಧರರ ದನಿ ಒಡೆದಿತ್ತು.

ವಿಮಾ ಕಂಪನಿಯ ಕ್ಲೇಮ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಸುಳ್ಳು ಸಾವುಗಳನ್ನೂ ನಿಜವಾದ ಸಾವುಗಳನ್ನೂ ಬೇರ್ಪಡಿಸಿದ ಹೆಂಗಸು ವಿಮಲಾ. ಸ್ವಯಂ ನಿವೃತ್ತಿ ತೆಗೆದುಕೊಂಡು ಅಡ್ಯಾರಿನಲ್ಲಿ ಸಣ್ಣ ಆಫೀಸು ತೆರೆದು ಒಂದೂವರೆ ವರ್ಷವಾದರೂ ಬಂದದ್ದೆಲ್ಲ ಮದುವೆಗೆ ಮುಂಚಿನ ವಿಚಾರಣೆಗಳು. ಇದೇ ಮೊದಲ ದೊಡ್ಡ ಕೇಸು.

ಒಂದು ಕಡುಬನ್ನು ಮುರಿದಳು. ಆಲೂಗಡ್ಡೆಯ ನಡುವೆ ಸಬ್ಬಸಿಗೆ ಸೊಪ್ಪಿನ ಎಳೆಗಳು. ಹಸಿರು ಇನ್ನೂ ಹಸಿರಾಗಿಯೇ ಇತ್ತು, ಘಮವೂ ಹೋಗಿರಲಿಲ್ಲ.

ಅಷ್ಟರಲ್ಲಿ ಯೂನ್ ಕಟ್ಟೆ ಬಿಟ್ಟು ಅವಳ ಮೇಜಿನ ಬಳಿ ಬಂದ. ಕೈಯಲ್ಲೊಂದು ಗ್ಲಾಸು, ಹೆಗಲ ಮೇಲೆ ಬಿಳಿ ಬಟ್ಟೆ. ಊಟ ಸರಿಯಿದೆಯೇ ಎಂದು ಇಂಗ್ಲಿಷಿನಲ್ಲಿ ವಿನಯದಿಂದ ಕೇಳಿದ. ತುಂಬಾ ಚೆನ್ನಾಗಿದೆ, ಯಾರು ಮಾಡಿದ್ದು ಎಂದಳು. ತನ್ನ ಹೆಂಡತಿ ಊರಿಗೆ ಹೋಗುವ ಮುಂಚೆ ಮಾಡಿ ಫ್ರೀಜರಿನಲ್ಲಿ ಇಟ್ಟು ಹೋದದ್ದು ಎಂದ. ಗ್ಲಾಸು ಆಗಲೇ ಫಳಫಳ ಹೊಳೆಯುತ್ತಿದ್ದರೂ ಅದನ್ನು ಒರೆಸುತ್ತಲೇ ಇದ್ದ.

“ಇಪ್ಪತ್ತೆರಡು ದಿನದ ಹಿಂದೆಯಾ?” ಎಂದು ಅವಳು ಕೇಳಿದಳು.

ಒರೆಸುವ ಕೈ ನಿಂತಿತು. ಹೆಂಡತಿ ಹೋಗಿ ಎಷ್ಟು ದಿನವಾಯಿತೆಂದು ಅವನು ಅವಳಿಗೆ ಹೇಳಿಯೇ ಇರಲಿಲ್ಲ. ಒಂದು ಕ್ಷಣ ಅವನ ಕಣ್ಣು ಅಡುಗೆಮನೆಯ ಬಾಗಿಲಿನ ಕಡೆ ಹೋಗಿ ಬಂತು. ಆಮೇಲೆ ತಲೆ ಬಾಗಿಸಿ, ಕಾಫಿ ಬೇಕೇ ಎಂದು ಕೇಳಿ, ಉತ್ತರಕ್ಕೆ ಕಾಯದೆ ಕಟ್ಟೆಯ ಹಿಂದೆ ಹೋದ.

ಅಷ್ಟು ದಿನ ಹೆಪ್ಪುಗಟ್ಟಿದ ಸಬ್ಬಸಿಗೆ ಕಪ್ಪಾಗಿ ಜೋತುಬೀಳಬೇಕಿತ್ತು. ಇದು ಇವತ್ತು ಬೆಳಿಗ್ಗೆ ಹೆಚ್ಚಿದ ಸೊಪ್ಪು. ಹಾಗಾದರೆ ಹಲೀನಾ ಬದುಕಿದ್ದಾಳೆ. ಇವತ್ತು ಬೆಳಿಗ್ಗೆ ಎಲ್ಲೋ ಹತ್ತಿರದಲ್ಲೇ ಕುಳಿತು ಈ ಎಂಟು ಕಡುಬುಗಳ ಅಂಚು ಮಡಚಿದ್ದಾಳೆ. ತಾನಾಗಿ ಮಡಚಿದಳೋ, ಯಾರಾದರೂ ಕೂಡಿಹಾಕಿ ಮಡಚಿಸಿದರೋ ಎನ್ನುವುದಷ್ಟೇ ತಿಳಿಯಬೇಕಿತ್ತು.

ವಿಮಲಾ ತಟ್ಟೆ ಖಾಲಿ ಮಾಡಿದಳು. ರುಚಿ ನಿಜಕ್ಕೂ ಚೆನ್ನಾಗಿತ್ತು. ಬಡಿಸುವವನನ್ನು ಕರೆದು, ಅಡುಗೆಯವರು ಕನ್ನಡದವರಂತೆ, ಅವರಿಗೆ ಒಂದು ಮಾತು ಹೇಳಿ ಹೋಗುತ್ತೇನೆ ಎಂದು ತಮಿಳಿನಲ್ಲಿ ಹೇಳಿ, ಅವನು ಬೇಡವೆನ್ನುವ ಮುಂಚೆ ಎದ್ದು ಒಳಗೆ ನಡೆದಳು.

ಅಡುಗೆಮನೆಯಲ್ಲಿ ಒಲೆಗಳ ಸದ್ದಿಗಿಂತ ಎಕ್ಸಾಸ್ಟ್ ಫ್ಯಾನಿನ ಸದ್ದೇ ಜೋರಾಗಿತ್ತು. ಮುಖ್ಯ ಅಡುಗೆಯವ ಸತ್ಯನಾರಾಯಣ ಐವತ್ತು ದಾಟಿದ ಬಡಕಲು ಮನುಷ್ಯ, ಕುಂದಾಪುರದ ಕಡೆಯವನು. ಇಪ್ಪತ್ತು ವರ್ಷ ಚೆನ್ನೈಯ ಸಸ್ಯಾಹಾರಿ ಹೋಟೆಲುಗಳಲ್ಲಿ ದೋಸೆಕಲ್ಲಿನ ಮುಂದೆ ನಿಂತವನು, ಈಗ ಎಲೆಕೋಸಿಗೆ ಮೆಣಸು ಬಳಿದು ಜಾಡಿಗಳಲ್ಲಿ ಕಿಮ್ಚಿ ಹುದುಗಿಸುತ್ತಿದ್ದ. ಹಿಂಬಾಗಿಲ ಬಳಿಯ ಮೇಜಿನ ಮೇಲೆ ಕಿಮ್ಚಿ ತುಂಬುವ ಕಡುಬುಗಳಿಗೆ ಮೈದಾ ಹಾಳೆಗಳು ಸಿದ್ಧವಾಗಿದ್ದವು.

ಕನ್ನಡ ಕೇಳಿ ಅವನ ಮುಖ ಅರಳಿತು. ಅಡುಗೆಯನ್ನು ಹೊಗಳಿದಾಗ ಇನ್ನಷ್ಟು ಅರಳಿತು. ಪೋಲೆಂಡಿನ ಕಡುಬು ಮಡಚುವುದು ಹೇಗೆ, ಒಂದು ತೋರಿಸಿ ಎಂದು ವಿಮಲಾ ಕೇಳಿದಾಗ ಯೋಚನೆಯಿಲ್ಲದೆ ಕೈ ತೊಳೆದು, ಹಾಳೆ ಎತ್ತಿ, ಹೂರಣ ಇಟ್ಟು, ಹೆಬ್ಬೆರಳಿನಿಂದ ಸರಸರನೆ ಅಂಚು ಮಡಚಿ ಅವಳ ಮುಂದಿಟ್ಟ.

ಮಡಿಕೆಗಳು ಬಲಕ್ಕೆ ವಾಲಿದ್ದವು.

ವಿಮಲಾ ಹಲೀನಾಳ ಫೋಟೋವನ್ನು ಆ ಕಡುಬಿನ ಪಕ್ಕಕ್ಕೆ ಇಟ್ಟಳು. ಸತ್ಯನಾರಾಯಣ ಎರಡನ್ನೂ ನೋಡಿದ. ಬಾಣಸಿಗನ ಕಣ್ಣಿಗೆ ವ್ಯತ್ಯಾಸ ಕಾಣಲು ಹೊತ್ತು ಬೇಕಾಗಲಿಲ್ಲ. ಅವನ ಮುಖದ ಬಣ್ಣ ಇಳಿಯಿತು.

“ನಾನು ತಿಂದದ್ದನ್ನ ನೀವು ಮಡಚಿಲ್ಲ,” ಎಂದಳು ವಿಮಲಾ. “ಇವತ್ತು ಬೆಳಿಗ್ಗೆ ಅವ್ರೇ ಮಡಚಿರೋದು. ಎಲ್ಲಿದಾರೆ ಸತ್ಯನಾರಾಯಣರೇ?”

“ನಂಗೆಂತ ಗೊತ್ತಿಲ್ಲೆ ಅಮ್ಮ.”

“ಒಂದು ಜೀವ ಹೋಗಿದೆ. ಅವ್ರನ್ನ ಯಾರಾದ್ರೂ ಕೂಡಿಹಾಕಿದ್ರೆ ಅದರಲ್ಲಿ ನಿಮಗೂ ಪಾಲಿದೆ ಅಂತಾಗತ್ತೆ.”

ಅವನು ಹಿಂಬಾಗಿಲನ್ನು ಅರ್ಧ ಮುಚ್ಚಿದ. ದನಿ ತಗ್ಗಿಸಿ, ಕೂಡಿಹಾಕಿದವರು ಯಾರೂ ಇಲ್ಲ ಎಂದ. ಹೇಳಿದ ಮೇಲೆ, ಅಷ್ಟನ್ನೂ ಹೇಳಬಾರದಿತ್ತು ಎಂಬಂತೆ ತುಟಿ ಕಚ್ಚಿಕೊಂಡ. ಹೆಗಲ ಮೇಲಿನ ಟವಲಿನಿಂದ ಮುಖ ಒರೆಸಿಕೊಂಡು ನೇರವಾಗಿ ಅವಳನ್ನು ನೋಡಿದ.

“ನಿಮ್ಮನ್ನ್ ಕಳ್ಸಿದ್ದ್ ಯಾರ್ ಅಮ್ಮ? ಅದೊಂದ್ ಹೇಳಿ.”

“ಅದನ್ನ ಹೇಳೋ ಹಾಗಿಲ್ಲ. ನನ್ನ ಕೆಲ್ಸದ ನಿಯಮ ಅದು.”

“ಹಂಗಾರೆ ನಾನೂ ಹೇಳೂಕ್ ಆತಿಲ್ಲೆ. ಕಾಲ್ ಹಿಡಿತೆ, ಅವ್ರನ್ನ್ ಹುಡ್ಕೂಕೆ ಹೋಗ್ಬೇಡಿ.”

ಅವನ ಕಣ್ಣಲ್ಲಿ ಕಳ್ಳತನ ಕಾಣಲಿಲ್ಲ, ಭಯ ಕಂಡಿತು. ಅದು ತನ್ನ ಮಾಲೀಕ ಯೂನ್‌ನ ಭಯವೆಂದೇ ವಿಮಲಾ ತಿಳಿದಳು. ಇನ್ನು ಒತ್ತಿ ಕೇಳಿ ಪ್ರಯೋಜನವಿಲ್ಲವೆಂದು ಫೋಟೋ ಎತ್ತಿಕೊಳ್ಳಲು ಬಾಗಿದಾಗ ಮೇಜಿನ ಕೆಳಗಿನ ಹಲಗೆ ಕಂಡಿತು. ಅಲ್ಲಿ ಎರಡು ದೊಡ್ಡ ಸ್ಟೀಲ್ ಡಬ್ಬಿಗಳು. ಒಂದರ ಮುಚ್ಚಳ ಸರಿದಿತ್ತು, ಒಳಗೆ ಮೈದಾ ಉದುರಿಸಿ ಸಾಲಾಗಿ ಜೋಡಿಸಿದ ಹಸಿ ಕಡುಬುಗಳು. ಎಲ್ಲ ಎಡಕ್ಕೆ ವಾಲಿದವು.

ಮುಚ್ಚಳದ ಮೇಲೆ ಚುಕ್ಕೆ ಚುಕ್ಕೆಯಾಗಿ ಕೆತ್ತಿದ ಹೆಸರು ಕನ್ನಡದಲ್ಲಿತ್ತು. ಟಿ. ಪುಟ್ಟತಾಯಮ್ಮ.

ಚೆನ್ನೈಯಲ್ಲಿ ಪಾತ್ರೆಯ ಮೇಲೆ ಕನ್ನಡದಲ್ಲಿ ಹೆಸರು ಹಾಕಿಸಿದವರು ಎಷ್ಟು ಜನ ಸಿಕ್ಕಾರು? ಈ ಹೆಸರಂತೂ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚೆನ್ನೈಯ ಕನ್ನಡ ಸಂಘದ ಯುಗಾದಿ ಊಟಕ್ಕೆ ಪ್ರತಿ ವರ್ಷ ಇಂಥದೇ ಡಬ್ಬಿಗಳಲ್ಲಿ ಒಬ್ಬಟ್ಟು ಬರುತ್ತಿತ್ತು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅಡ್ಯಾರಿನ ತಮ್ಮ ಮನೆಯ ಮಹಡಿಯನ್ನು ಬಾಡಿಗೆಗೆ ಕೊಟ್ಟುಕೊಂಡಿದ್ದ ಪುಟ್ಟತಾಯಮ್ಮ.

ವಿಮಲಾ ನೋಡದವಳಂತೆ ನೆಟ್ಟಗಾಗಿ, ಬರುತ್ತೇನೆ ಎಂದು ಹೇಳಿ ಹೊರಟಳು.

ಹೊರಗೆ, ಚೆನ್ನೈಯವರು ಕತ್ತರಿ ಎನ್ನುವ ಮೇ ತಿಂಗಳ ಸುಡುಬಿಸಿಲು ಕಣ್ಣಿಗೆ ಹೊಡೆಯಿತು. ಆಟೋ ಹಿಡಿದು ಅಡ್ಯಾರ್ ಎಂದಳು. ಗಿಂಡಿಯ ರೈಲ್ವೆ ಗೇಟಿನ ಕಡೆಯ ಗದ್ದಲ ದಾಟುತ್ತಿದ್ದಂತೆ ಮೊಬೈಲ್ ತೆಗೆದು ಮುರಳೀಧರರಿಗೆ ಫೋನ್ ಮಾಡಿದಳು. ಇಪ್ಪತ್ತಾರು ವರ್ಷ ಕಡತಗಳಲ್ಲಿ ಕಲಿತದ್ದು ಒಂದು ತಟ್ಟೆ ತಿಂಡಿಯಲ್ಲಿ ಕೈಗೂಡಿತ್ತು. ಹೇಳುವಾಗ ದನಿಯಲ್ಲಿ ಸಣ್ಣದೊಂದು ಹೆಮ್ಮೆ ಬಂದುಬಿಟ್ಟಿತು. ಮಡಿಕೆ, ಸಬ್ಬಸಿಗೆ, ಡಬ್ಬಿಯ ಹೆಸರು ಎಲ್ಲ ಹೇಳಿದಳು. ಮನೆಯ ಗುರುತೂ ಹೇಳಿದಳು.

ಆ ಕಡೆ ಮುರಳೀಧರರು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು.

“ದೊಡ್ಡ ಉಪಕಾರ ಮಾಡಿದ್ರಿ ಮೇಡಂ. ನಾನು ಈಗಲೇ ಮೈಲಾಪುರದಿಂದ ಹೊರಡ್ತೇನೆ. ಅಲ್ಲಿವರೆಗೆ ಪೊಲೀಸರಿಗೆ ಹೇಳುದು ಬೇಡ. ಪಾಪ, ಮೊದಲೇ ಹೆದರಿದ್ದಾಳೆ.”

ಹೆದರಿದ್ದಾಳೆಂದು ಇವರಿಗೆ ಯಾರು ಹೇಳಿದರು ಎಂಬ ಪ್ರಶ್ನೆ ವಿಮಲಾಳ ಮನಸ್ಸಿನಲ್ಲಿ ಎದ್ದಿತು. ಅಷ್ಟರಲ್ಲಿ ಬಸ್ಸೊಂದು ಅಡ್ಡ ಬಂದು ಆಟೋ ಗಕ್ಕನೆ ನಿಂತು ಅವಳ ತಲೆ ಮುಂದಿನ ಕಂಬಿಗೆ ತಾಗಿತು. ಪ್ರಶ್ನೆ ಅಲ್ಲಿಗೇ ಬಿತ್ತು.

ಪುಟ್ಟತಾಯಮ್ಮ ಬಾಗಿಲು ತೆರೆದು, ಇಷ್ಟು ಬಿಸಿಲಿನಲ್ಲಿ ಯಾಕೆ ಬಂದೆ ತಾಯಿ ಎಂದು ಒಳಗೆ ಕರೆದು ಮಜ್ಜಿಗೆ ಕೊಟ್ಟರು. ಎಪ್ಪತ್ತು ದಾಟಿದರೂ ನೆಟ್ಟಗಿನ ಬೆನ್ನು, ಜೋರು ದನಿ. ಸತ್ಯನಾರಾಯಣ ತಮ್ಮ ಹಿತ್ತಲಿನ ಕೋಣೆಯಲ್ಲಿ ಬಾಡಿಗೆಗೆ ಇರುವುದನ್ನು ಒಪ್ಪಿಕೊಂಡರು. ಮಹಡಿಯಲ್ಲಿ ಯಾರಿದ್ದಾರೆ ಎಂದಾಗ ಮಾತ್ರ ಯಾರೂ ಇಲ್ಲ ಎಂದರು. ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ಅಭ್ಯಾಸವಿಲ್ಲದ ಸುಳ್ಳು.

ಮೇಲಿನಿಂದ ಲಟ್ಟಣಿಗೆ ಉರುಳುವ ಸದ್ದು ಬರುತ್ತಿತ್ತು.

“ಅವ್ರಿಗೆ ಒಳ್ಳೇದು ಮಾಡೋಕೇ ಬಂದಿದೀನಿ ಅಮ್ಮ,” ಎಂದಳು ವಿಮಲಾ.

ಮುದುಕಿ ಅವಳ ಮುಖವನ್ನೇ ನೋಡಿದರು. ಎಷ್ಟೋ ವರ್ಷದ ಪರಿಚಯದ ಮುಖ. “ನೀನಾದ್ದರಿಂದ ಬಿಡ್ತೀನಿ ಕಣವ್ವ,” ಎಂದು ಮೆಟ್ಟಿಲಿನ ಕಡೆ ಕೈ ತೋರಿಸಿದರು.

ಮಹಡಿಯ ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು, ಮುಚ್ಚಿದ ಕಿಟಕಿ. ಹಲೀನಾ ಹತ್ತಿಯ ನೈಟಿಯ ಮೇಲೆ ಟವಲು ಕಟ್ಟಿಕೊಂಡು ಹಿಟ್ಟು ಲಟ್ಟಿಸುತ್ತಿದ್ದಳು. ಫೋಟೋದಲ್ಲಿ ಕಂಡದ್ದಕ್ಕಿಂತ ಹತ್ತು ವರ್ಷ ದೊಡ್ಡವಳಂತೆ ಕಂಡಳು. ಅಪರಿಚಿತ ಹೆಂಗಸನ್ನು ನೋಡಿ ಗೋಡೆಗೆ ಅಂಟಿ ನಿಂತಳು, ಲಟ್ಟಣಿಗೆ ಕೈಯಲ್ಲೇ ಇತ್ತು.

ವಿಮಲಾ ಎರಡೂ ಕೈ ಕಾಣುವಂತೆ ನಿಂತು, ತಾನು ಯಾರು, ಹೇಗೆ ಬಂದೆ ಎಂಬುದನ್ನು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿದಳು. ಕಡುಬಿನ ಅಂಚಿನ ವಿಷಯ ಕೇಳಿ ಹಲೀನಾ ಕಣ್ಣು ಮುಚ್ಚಿಕೊಂಡಳು. ಗಂಡ ಬೇಡವೆಂದರೂ ತಾನೇ ಹಟ ಹಿಡಿದು ಮಾಡಿ ಕಳುಹಿಸುತ್ತಿದ್ದೆ, ಈ ಕೋಣೆಯಲ್ಲಿ ಕೈಗೆ ಕೆಲಸವಿಲ್ಲದಿದ್ದರೆ ಹುಚ್ಚು ಹಿಡಿಯುತ್ತಿತ್ತು ಎಂದಳು. ಆಮೇಲೆ ಅಡುಗೆಯವನು ಕೇಳಿದ್ದ ಪ್ರಶ್ನೆಯನ್ನೇ ಕೇಳಿದಳು. ಕಳುಹಿಸಿದ್ದು ಯಾರು?

ಈಗ ನಿಯಮವನ್ನು ಹಿಡಿದು ಕೂರುವುದರಲ್ಲಿ ಅರ್ಥವಿರಲಿಲ್ಲ. ವಿಮಲಾ ಹೆಸರು ಹೇಳಿದಳು.

ಲಟ್ಟಣಿಗೆ ನೆಲಕ್ಕೆ ಬಿತ್ತು. ಹಲೀನಾ ಮುಂದೆ ಬಂದು ಅವಳ ತೋಳನ್ನು ಬಲವಾಗಿ ಹಿಡಿದಳು.

ಮಾತು ತುಂಡು ತುಂಡಾಗಿ ಬಂತು. ಆ ಮಧ್ಯಾಹ್ನ ಅವಳು ಮೇಜುಬಟ್ಟೆಗಳ ಬುಟ್ಟಿ ಹಿಡಿದು ಮೂರನೆಯ ಮಹಡಿಯ ಮೆಟ್ಟಿಲು ಇಳಿಯುತ್ತಿದ್ದಳು. ಲಿಫ್ಟಿನ ಮುಂದೆ ಅನಿಲ್ ಮತ್ತು ಮುರಳೀಧರ ನಿಂತಿದ್ದರು. ಅನಿಲ್‌ನ ಕಣ್ಣು ಕೈಯಲ್ಲಿದ್ದ, ಲೆಕ್ಕ ಬರೆದಂತಿದ್ದ ಒಂದು ಕಾಗದದ ಮೇಲಿತ್ತು, ಏನನ್ನೋ ಬೆರಳಿಟ್ಟು ತೋರಿಸಿ ಸಿಟ್ಟಿನಿಂದ ಮಾತಾಡುತ್ತಿದ್ದ. ಮುರಳೀಧರ ಶಾಂತವಾಗಿ ತಲೆಯಾಡಿಸುತ್ತಾ ಲಿಫ್ಟಿನ ಕಬ್ಬಿಣದ ಗೇಟನ್ನು ತಾನೇ ಎಳೆದು ತೆರೆದು, ಮೊದಲು ನೀನು ಎಂಬಂತೆ ಕೈ ತೋರಿಸಿದ. ಒಳಗೆ ಲಿಫ್ಟ್ ಇರಲಿಲ್ಲ. ಮುರಳೀಧರ ಅದನ್ನು ನೋಡಿದ್ದನ್ನು ಅವಳು ನೋಡಿದಳು. ಅನಿಲ್ ನೋಡಲಿಲ್ಲ.

ಬುಟ್ಟಿ ಕೈಯಿಂದ ಜಾರಿತು. ಮುರಳೀಧರ ತಿರುಗಿ ನೋಡಿದ. ಸಂಜೆ ಪೊಲೀಸರೊಂದಿಗೆ ಕುಳಿತು ಚಹಾ ಕುಡಿಯುತ್ತಾ, ಅವಳತ್ತ ಕಣ್ಣೆತ್ತಿ, ನಿಮ್ಮ ಪಾಸ್‌ಪೋರ್ಟು ನನ್ನ ತಿಜೋರಿಯಲ್ಲೇ ಭದ್ರವಾಗಿದೆ ಎಂದಷ್ಟೇ ಹೇಳಿದ. ಕತ್ತಲಾಗುವ ಮೊದಲೇ ಯೂನ್ ಮತ್ತು ಸತ್ಯನಾರಾಯಣ ಸೇರಿ ಅವಳನ್ನು ಇಲ್ಲಿಗೆ ತಂದರು.

ಇಪ್ಪತ್ತೆರಡು ದಿನ ಮೂರು ಜನ ಕಾಪಾಡಿದ ಗುಟ್ಟನ್ನು ವಿಮಲಾ ಎರಡೇ ನಿಮಿಷದ ಫೋನಿನಲ್ಲಿ, ಹೆಮ್ಮೆಯಿಂದ, ಗುರುತು ಸಮೇತ ಒಪ್ಪಿಸಿದ್ದಳು. ಅದನ್ನು ಈ ಹೆಂಗಸಿಗೆ ಹೇಳಲೇಬೇಕಿತ್ತು. ಹೇಳಿದಳು.

ಹಲೀನಾ ಬೈಯಲಿಲ್ಲ, ಅಳಲೂ ಇಲ್ಲ. ಎಷ್ಟು ಹೊತ್ತಾಯಿತು ಎಂದು ಮಾತ್ರ ಕೇಳಿದಳು.

ಇಪ್ಪತ್ತೈದು ನಿಮಿಷ. ಮೈಲಾಪುರದಿಂದ ಇಲ್ಲಿಗೆ ಅಷ್ಟು ಬೇಕಾಗಿಲ್ಲ.

ಬೀದಿಯಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ವಿಮಲಾ ಕಿಟಕಿಯ ಸಂದಿಯಿಂದ ಇಣುಕಿದಳು. ಗೇಟಿನ ಬಳಿ ಬಿಳಿ ಅಂಬಾಸಿಡರ್ ನಿಂತಿತ್ತು, ಒಳಗೆ ಯಾರೂ ಇರಲಿಲ್ಲ. ಕೆಳಗಿನಿಂದ ಪುಟ್ಟತಾಯಮ್ಮನ ದನಿ ಕೇಳಿಸಿತು. ಬಂದವರು ತಾವು ವಿಮಲಾ ಮೇಡಂ ಕಡೆಯವರು ಎಂದಿರಬೇಕು.

“ಹೌದಾ ಸ್ವಾಮಿ, ಮೇಲೇ ಅವ್ರೆ, ಹೋಗಿ. ಮಜ್ಜಿಗೆ ತತ್ತೀನಿ ಇರಿ.”

ಮಹಡಿಗೆ ಇದ್ದದ್ದು ಒಂದೇ ಮೆಟ್ಟಿಲು. ವಿಮಲಾ ತನ್ನ ಮೊಬೈಲನ್ನು ಹಲೀನಾಳ ಕೈಗೆ ತುರುಕಿದಳು. ಒಳಗಿನಿಂದ ಚಿಲಕ ಹಾಕಿಕೋ, ಪೊಲೀಸರಿಗೆ, ನೂರಕ್ಕೆ ಫೋನ್ ಮಾಡು, ನಾನು ಕರೆದರೂ ಬಾಗಿಲು ತೆಗೆಯಬೇಡ ಎಂದು ಪಿಸುಗುಟ್ಟಿ, ಹೊರಗೆ ಬಂದು ಬಾಗಿಲೆಳೆದುಕೊಂಡಳು.

ಮುರಳೀಧರರು ಬರಿಗಾಲಲ್ಲಿ ಮೆಟ್ಟಿಲು ಹತ್ತುತ್ತಿದ್ದರು. ಮನೆಗೆ ಬಂದವರು ಬಿಡುವಂತೆ ಚಪ್ಪಲಿಯನ್ನು ಹೊಸಿಲ ಹೊರಗೇ ಬಿಟ್ಟು ಬಂದಿದ್ದರು, ಆದ್ದರಿಂದ ಹೆಜ್ಜೆಯ ಸದ್ದೇ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯಲ್ಲಿ ಗಂಧ. ಅವಳಿಗಿಂತ ಎರಡು ಮೆಟ್ಟಿಲು ಕೆಳಗೆ ನಿಂತರು.

“ಸಿಕ್ಕಿದಳಾ ಮೇಡಂ?”

“ಇಲ್ಲ ಸರ್. ನಾನೇ ತಪ್ಪು ತಿಳ್ಕೊಂಡೆ. ಆ ಡಬ್ಬಿ ಸತ್ಯನಾರಾಯಣ ಕಡ ತಗೊಂಡು ಹೋಗಿದ್ದಂತೆ, ಅಷ್ಟೇ. ಇಲ್ಲಿ ಯಾರೂ ಇಲ್ಲ.”

ಮುರಳೀಧರರು ನಂಬಿದವರಂತೆ ತಲೆಯಾಡಿಸಿದರು. ಪಾಪ, ನಿಮಗೆ ಸುಮ್ಮನೆ ಅಲೆದಾಟ ಎಂದರು. ಜೇಬಿನಿಂದ ಮಡಚಿದ ಕರ್ಚೀಫು ತೆಗೆದು, ಸಂಕೋಚದಿಂದೆಂಬಂತೆ ಅವಳ ಕಡೆ ಚಾಚಿದರು.

“ಒರೆಸಿಕೊಳ್ಳಿ ಮೇಡಂ. ತೋಳಿಗೆ ಹಿಟ್ಟು ಮೆತ್ತಿದೆ.”

ವಿಮಲಾ ತಲೆ ತಗ್ಗಿಸಿ ನೋಡಿದಳು. ಕಡುನೀಲಿ ರವಿಕೆಯ ತೋಳಿನ ಮೇಲೆ ಮೈದಾದ ಐದು ಬೆರಳುಗಳು ಅಚ್ಚೊತ್ತಿದಂತೆ ಬೆಳ್ಳಗೆ ನಿಂತಿದ್ದವು.

ಮುರಳೀಧರರು ಇನ್ನೊಂದು ಮೆಟ್ಟಿಲು ಹತ್ತಿದರು. ವಿಮಲಾಳ ಬೆನ್ನ ಹಿಂದಿನ ಬಾಗಿಲಿನಲ್ಲಿ ಚಿಲಕ ಬಿದ್ದ ಸದ್ದು ಇನ್ನೂ ಕೇಳಿಸಿರಲಿಲ್ಲ.